ಬೀಳುವುದು ಸುಲಭ, ಬಿಡುವುದೇ ಕಷ್ಟ: ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಲಾಕ್

ಹತ್ತನೇ ಒಂದರಷ್ಟು ಅಳತೆಯ ರಿಮೋಟ್ ಜೀಪಿನ ಹಿಂದಿನ ಆಕ್ಸಲ್‌ಗೆ ಕೂರಿಸಿದ ಡಿಫರೆನ್ಷಿಯಲ್ ಲಾಕ್ ಕೊನೆಗೂ ಹೇಳಿದಾಗ ಬಿದ್ದು, ಹೇಳಿದಾಗ ಬಿಡುತ್ತಿದೆ. ಡಿಫರೆನ್ಷಿಯಲ್ ಎಂದರೆ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ; ಲಾಕ್ ಅದನ್ನು ತಡೆದು ಎರಡನ್ನೂ ಒಂದೇ ವೇಗಕ್ಕೆ ಕಟ್ಟುತ್ತದೆ. ಚಾಸಿ, ಮೋಟಾರು, ವೈರಿಂಗ್ ಕೆಲಸಗಳು ಎಂದಿನಂತೆಯೇ ಮುಗಿದವಾದ್ದರಿಂದ ಅವುಗಳ ವಿವರಣೆ ಬೇಡ.

ಲಾಕ್ ಇಲ್ಲದೆ ಮಾಡಿದ ಪರೀಕ್ಷೆಯನ್ನು ಮಾತ್ರ ಹೇಳಲೇಬೇಕು. ಒಂದು ಹಿಂಚಕ್ರವನ್ನು ಎಣ್ಣೆ ಸವರಿದ ಹಲಗೆಯ ಮೇಲೂ ಇನ್ನೊಂದನ್ನು ಉಪ್ಪುಕಾಗದದ ಮೇಲೂ ನಿಲ್ಲಿಸಿ ಮುಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಮೋಟಾರು ಓಡಿಸಿದರೆ, ಎಣ್ಣೆಯ ಮೇಲಿನದು ಗಿರಗಿರನೆ ತಿರುಗುತ್ತದೆ, ಇನ್ನೊಂದು ಅಲುಗುವುದಿಲ್ಲ. ಟಾರ್ಕ್, ಅಂದರೆ ತಿರುಗಿಸುವ ಬಲ, ಎಲ್ಲವೂ ಜಾರುವ ಚಕ್ರಕ್ಕೇ ಹೋಗಿಬಿಡುತ್ತದೆ ಎಂಬ ಮಾತು ನಮ್ಮಲ್ಲಿ ಹಲವರ ಬಾಯಲ್ಲಿದೆ, ಅದು ಸರಿಯಲ್ಲ. ತೆರೆದ (ಲಾಕ್ ಬೀಳದ) ಡಿಫರೆನ್ಷಿಯಲ್ ಎರಡೂ ಬದಿಗೆ ಹೆಚ್ಚುಕಡಿಮೆ ಸಮನಾದ ಟಾರ್ಕ್ ಕೊಡುತ್ತದೆ, ಆದರೆ ಜಾರುವ ಚಕ್ರ ತಾಳಿಕೊಳ್ಳುವಷ್ಟು ಅಲ್ಪವನ್ನೇ ಇನ್ನೊಂದಕ್ಕೂ ಕೊಡುತ್ತದೆ. ಮೋಟಾರಿನಿಂದ ತಿರುಗುವ ಡಿಫರೆನ್ಷಿಯಲ್‌ನ ಹೊರಗೂಡಾದ ಕ್ಯಾರಿಯರ್‌ನ ವೇಗ ಎರಡೂ ಚಕ್ರಗಳ ವೇಗದ ಸರಾಸರಿಯಾದ್ದರಿಂದ, ಅದು ನಿಮಿಷಕ್ಕೆ 100 ಸುತ್ತು ತಿರುಗುವಾಗ ಒಂದು ಚಕ್ರ ನಿಂತರೆ ಇನ್ನೊಂದು 200 ಸುತ್ತು ತಿರುಗುತ್ತದೆ.

ಲಾಕ್ ಮಾಡುವುದಿಷ್ಟೇ: ಒಂದು ಬದಿಯ ಆಕ್ಸಲ್ ಶಾಫ್ಟಿನ ಮೇಲೆ ಜಾರುವ ಹಲ್ಲಿನ ಕಾಲರ್, ಕ್ಯಾರಿಯರ್‌ನ ಹಲ್ಲುಗಳೊಳಗೆ ಹೋಗಿ ಕೂರುತ್ತದೆ. ಒಂದು ಬದಿಯನ್ನು ಕಟ್ಟಿದರೆ, ಕ್ಯಾರಿಯರ್‌ನೊಳಗೆ ಎರಡೂ ಬದಿಗಳನ್ನು ಜೋಡಿಸುವ ಚಿಕ್ಕ ಸ್ಪೈಡರ್ ಗೇರುಗಳು ತಮ್ಮ ಅಚ್ಚಿನ ಮೇಲೆ ತಿರುಗಲಾರವು, ಹಾಗಾಗಿ ಇನ್ನೊಂದು ಬದಿಯೂ ತಾನಾಗಿಯೇ ಅದೇ ವೇಗಕ್ಕೆ ಬರುತ್ತದೆ. ಆಗ ಉಪ್ಪುಕಾಗದದ ಮೇಲಿನ ಚಕ್ರಕ್ಕೆ ಅದು ಹಿಡಿದುಕೊಳ್ಳಬಲ್ಲಷ್ಟು ಟಾರ್ಕ್ ಸಿಗುತ್ತದೆ. ಇಡೀ ಹೊರೆ ಒಂದೇ ಶಾಫ್ಟಿನ ಮೇಲೆ ಬೀಳುವ ಸಾಧ್ಯತೆಯಿರುವುದರಿಂದ ಅದು ಗಟ್ಟಿಯಾಗಿರಬೇಕು ಎಂಬುದೂ ಇಲ್ಲಿಯೇ ಅರ್ಥವಾಗುತ್ತದೆ.

ತಲೆ ತಿಂದದ್ದು ಬಿಡುಗಡೆ. ಒರಟು ನೆಲದಲ್ಲಿ ಲಾಕ್ ಹಾಕಿಕೊಂಡು ಒಂದು ತಿರುವು ತೆಗೆದುಕೊಂಡರೆ ಸಾಕು, ಬಿಡಲು ಹೇಳಿದಾಗ ಕಾಲರ್ ಸರಿಸುವ ಚಿಕ್ಕ ಮೋಟಾರಾದ ಸರ್ವೋ ಗುಂಯ್‌ಗುಟ್ಟಿ ಬಿಸಿಯಾಗುತ್ತಿತ್ತೇ ಹೊರತು ಕಾಲರ್ ಮಿಸುಕುತ್ತಿರಲಿಲ್ಲ. ಈ ಜೀಪಿನ ಎರಡು ಹಿಂಚಕ್ರಗಳ ನಡುವಿನ ಅಂತರ 18 ಸೆಂ.ಮೀ.; ಒಂದು ಪೂರ್ಣ ಸುತ್ತಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 113 ಸೆಂ.ಮೀ. ಹೆಚ್ಚು ಓಡಬೇಕು, ಆ ಸುತ್ತು ದೊಡ್ಡದಿರಲಿ ಚಿಕ್ಕದಿರಲಿ. ಲಾಕ್ ಅದಕ್ಕೆ ಒಪ್ಪುವುದಿಲ್ಲ. ಟೈರು ಜಾರಿ ಸ್ವಲ್ಪ ಸರಿದೂಗಿಸುತ್ತದೆ, ಉಳಿದದ್ದು ಶಾಫ್ಟುಗಳಲ್ಲಿ ತಿರುಚಾಗಿ ನಿಂತು ಹಲ್ಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಕಾಲರ್ ಬಿಚ್ಚಿ ನೋಡಿದಾಗ ಪ್ರತಿ ಹಲ್ಲಿನ ಒಂದೇ ಮುಖದಲ್ಲಿ ಉಜ್ಜಿ ಹೊಳೆಯುವ ಗೆರೆಯಿತ್ತು, ಇನ್ನೊಂದು ಮುಖದಲ್ಲಿ ಗ್ರೀಸ್ ಹಾಗೆಯೇ ಕೂತಿತ್ತು.

ಹೆಚ್ಚು ಬಲದ ಸರ್ವೋ ಹಾಕಿದ್ದರಿಂದ ಕಾಲರನ್ನು ಹಿಡಿದು ಸರಿಸುವ ಫೋರ್ಕ್ ಬಾಗಿತು, ಅಷ್ಟೇ. ಅಂಚು ಓರೆ ಮಾಡಿದ ಹಲ್ಲಿನ ಕಾಲರ್ ಕೇಳಿದರೆ ಪೂರೈಕೆದಾರರು ಚೌಕ ಅಂಚಿನದನ್ನು ಕಳಿಸಿದರು. ದೂರಿದಾಗ ಅದೇ ಮಾಲು ಹೊಸ ಚೀಟಿ ಅಂಟಿಸಿಕೊಂಡು ಬಂತು. ಚೀಟಿಯ ಅಂಚು ಮಾತ್ರ ಬಲು ಅಂದವಾಗಿ ಓರೆಯಾಗಿತ್ತು.

ದಾರಿ ತೋರಿದ್ದು ಸರ್ವೋ ಮತ್ತು ಫೋರ್ಕಿನ ನಡುವೆ ಸೇರಿಸಿದ ಸ್ಪ್ರಿಂಗ್. ಸರ್ವೋ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಸ್ಪ್ರಿಂಗ್ ಕಾಲರನ್ನು ಒತ್ತುತ್ತಾ ಕಾಯುತ್ತದೆ. ಚಕ್ರ ನೆಟ್ಟಗೆ ಮಾಡಿ ತುಸು ಹಿಂದಕ್ಕೆ ಸರಿದ ಕ್ಷಣ ಟಾರ್ಕ್ ಸೊನ್ನೆಯನ್ನು ದಾಟಿ ಹಲ್ಲುಗಳು ಸಡಿಲವಾಗುತ್ತವೆ, ಟಕ್ಕೆಂದು ಕಾಲರ್ ಹೊರಬರುತ್ತದೆ. ಬೀಳುವಾಗ ಹಲ್ಲಿಗೆ ಹಲ್ಲು ಎದುರಾದರೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ. ನಿಜವಾದ ಜೀಪುಗಳಲ್ಲಿ ಲಾಕ್ ತೆಗೆದ ಮೇಲೂ ಕೆಲವೊಮ್ಮೆ ಲಾಕ್‌ನ ಸೂಚಕ ದೀಪ ಉರಿಯುತ್ತಲೇ ಇರುವುದಕ್ಕೂ, ಆಗ ಚಾಲಕರು ಗಾಡಿಯನ್ನು ತುಸು ಹಿಂದೆ ಮುಂದೆ ಆಡಿಸುವುದಕ್ಕೂ ಕಾರಣ ಇಂಥದ್ದೇ ತಿರುಚು. ಆದ್ದರಿಂದ ನನ್ನ ಸೂಚಕ ದೀಪದ ಸ್ವಿಚ್ಚನ್ನು ಸರ್ವೋಗೆ ಜೋಡಿಸದೆ ಫೋರ್ಕಿಗೇ ಜೋಡಿಸಿದ್ದೇನೆ. ಸರ್ವೋ ತಿರುಗಿತು ಎಂದರೆ ಲಾಕ್ ಬಿಟ್ಟಿತು ಎಂದಲ್ಲ.

ಮುಂದಿನ ಗುರಿ ಎರಡು ಆಕ್ಸಲ್‌ಗಳ ನಡುವಿನ ಡಿಫರೆನ್ಷಿಯಲ್. ಈಗ ಮೋಟಾರಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎರಡೂ ಆಕ್ಸಲ್‌ಗಳನ್ನು ಬಿಗಿಯಾಗಿ ಕಟ್ಟಿಹಾಕಿದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 24 ಸೆಂ.ಮೀ. ಇದ್ದು ಹಿಂದಿನ ಆಕ್ಸಲ್‌ನ ಮಧ್ಯಭಾಗ 50 ಸೆಂ.ಮೀ. ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿದರೆ, ಮುಂದಿನದು ಸುಮಾರು 8.6 ಸೆಂ.ಮೀ. ಹೆಚ್ಚು ಸಾಗಬೇಕು, ಹಿಡಿತವಿರುವ ನೆಲದಲ್ಲಿ ಇದೂ ತಿರುಚಾಗುತ್ತದೆ. ಅಲ್ಲಿಗೆ ದಪ್ಪ ಸಿಲಿಕೋನ್ ಎಣ್ಣೆ ತುಂಬಿದ ಡಿಫರೆನ್ಷಿಯಲ್ ಹಾಕುವ ಆಸೆಯಿದೆ. ಆದರೆ ಎಣ್ಣೆಯ ತಡೆ ಎರಡು ಬದಿಗಳ ವೇಗದ ವ್ಯತ್ಯಾಸವನ್ನು ಅವಲಂಬಿಸುತ್ತದೆ, ಬಂಡೆಯ ಮೇಲೆ ತೆವಳುವಾಗ ಆ ವ್ಯತ್ಯಾಸ ಸಾಲದು. ಆದ್ದರಿಂದ ಅಲ್ಲಿಯೂ ಹಲ್ಲಿನ ಲಾಕ್‌ಗೆ ಜಾಗ ಬಿಡಬೇಕು. ಮುಂದಿನ ಆಕ್ಸಲ್‌ನ ಲಾಕ್ ಸ್ಟಿಯರಿಂಗನ್ನು ಬಿಗಿ ಮಾಡುವುದರಿಂದ ಅದು ಕೊನೆಯ ಸರದಿ. ಸದ್ಯಕ್ಕೆ ಎಣ್ಣೆ ಸೋರದ ಓರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಬೇಕು, ಬೇರೆ ಪೂರೈಕೆದಾರರಿಂದ.