ತೆರೆಯದ ಎರಡನೇ ಕವರ್

ಸೋಮವಾರದಿಂದ ಟೆಂಡರ್ ನೋಡುವ ಆಫೀಸಿನ ಆ ಮೇಡಂ ಮಾತೇ ಕಿವಿಯಲ್ಲಿ ಕೂತಿದೆ. "ವೆಬ್‌ಸೈಟ್ ಚೆನ್ನಾಗಿ ಮಾಡ್ತೀರ, ಸರಿ ಸಾರ್. 41ನೇ ಪೇಜಲ್ಲಿ ಸೀಲ್ ಎಲ್ಲಿ?"

ತುಮಕೂರಿನಲ್ಲಿ ನಮ್ಮದು ಮೂರು ಜನರ ಆಫೀಸು. ಹದಿಮೂರು ವರ್ಷ ಬಟ್ಟೆ ಅಂಗಡಿ, ಕಲ್ಯಾಣ ಮಂಟಪ, ಟ್ಯೂಷನ್ ಸೆಂಟರುಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಬದುಕಿದೆವು. ಈಗ ಅವರಿಗೆಲ್ಲ ಇನ್‌ಸ್ಟಾಗ್ರಾಂ ಸಾಕು. ಅದಕ್ಕೇ ಸರ್ಕಾರಿ ಟೆಂಡರಿಗೆ ಕೈ ಹಾಕಿದ್ದು.

ಸಣ್ಣ ಉದ್ದಿಮೆ ಅಂತ ಉದ್ಯಮ್ ನೋಂದಣಿ ಆಯ್ತು. ಪೆನ್‌ಡ್ರೈವಿನಂಥ ಟೋಕನ್‌ನಲ್ಲಿ ಕ್ಲಾಸ್ 3 ಡಿಜಿಟಲ್ ಸಹಿಯೂ ಬಂತು. ಕಣ್ಣು ಕಾಣದವರೂ ಬಳಸುವಂತೆ ಪುಟ ಹೇಗಿರಬೇಕು, ಹಳೆಯ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡಿಗೆ ಹೇಗೆ ತರೋದು, ಸೆಕ್ಯುರಿಟಿ ಆಡಿಟ್ಟಿಗೆ ಎಷ್ಟು ದಿನ ಇಡೋದು ಅಂತ ಮೂರು ರಾತ್ರಿ ಕೂತು ಬರೆದೆ. ಆಮೇಲೆ ಎಲ್ಲ ಪ್ರಿಂಟ್ ತೆಗೆದು, ಪ್ರತಿ ಪೇಜಿಗೂ ಶಾಯಿ ಸೀಲ್ ಹೊಡೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಅದರ ಮೇಲೆ ಮತ್ತೆ ಡಿಜಿಟಲ್ ಸಹಿ! ಸೀಲ್ ಹೊಡೆಯುವಾಗ ಎರಡು ಹಾಳೆ ಅಂಟಿಕೊಂಡಿದ್ದವು, ಅಷ್ಟೇ.

ತಾಂತ್ರಿಕ ಕವರಿನಲ್ಲೇ ಔಟ್. ಮೊದಲ ಕವರ್ ಪಾಸಾಗದಿದ್ದರೆ ದರದ ಕವರ್ ತೆರೆಯೋದೇ ಇಲ್ಲ.

"ಒಂದು ಪೇಜ್ ತಾನೇ ಮೇಡಂ, ಸ್ವಲ್ಪ ನೋಡಿ" ಅಂದೆ. ಅವರು ಸಿಟ್ಟಾಗಲಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿ, 41ನೇ ಪೇಜಿನ ಖಾಲಿ ಮೂಲೆಯ ಮೇಲೆ ಬೆರಳಿಟ್ಟರು. "ನಿಮಗೆ ಬಿಟ್ರೆ ನಾಳೆ ಇನ್ನೊಬ್ಬರು ಅಪೀಲು ಹಾಕ್ತಾರೆ. ಉತ್ತರ ಬರೆಯೋಳು ನಾನು."

ಬಸ್ಸಿನಲ್ಲಿ ಅವರನ್ನು ಮನಸಾರೆ ಬೈದೆ. ಮನೆ ಹತ್ತಿರ ಬರುವಷ್ಟರಲ್ಲಿ ಬೈಗುಳ ಖಾಲಿಯಾಗಿತ್ತು. ಸರ್ಕಾರಿ ಖರೀದಿಗೆ ಅಂತ ಇರುವ 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಸೋತವರಿಗೆ ಅಪೀಲು ಹೋಗುವ ದಾರಿ ಇದೆ, ಅದು ನಿಜ. ನನ್ನ ಮುಖ ನೋಡಿ ಬಿಡುವವರು ನಾಳೆ ಬೇರೆಯವರ ಮುಖ ನೋಡಿ ನನ್ನನ್ನು ಕೈಬಿಡಲ್ವಾ? ಅಸಲಿಗೆ ಹದಿಮೂರು ವರ್ಷ ನಾನು ಮಾಡಿದ್ದೇ ಮುಖ ನೋಡುವ ವ್ಯಾಪಾರ. ಫೋನಲ್ಲೇ ಮಾತು, ಕಾಗದ ಇಲ್ಲ, "ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್". ಆ ಕಲ್ಯಾಣ ಮಂಟಪದವರಿಂದ ಇನ್ನೂ ನಲವತ್ತು ಸಾವಿರ ಬರಬೇಕು. ಕೇಳೋಣ ಅಂದ್ರೆ ತೋರಿಸೋಕೆ ಒಂದು ಚೀಟಿ ಇಲ್ಲ. ಸಿಕ್ಕಾಗಲೆಲ್ಲ ಕಾಫಿ ಮಾತ್ರ ತಪ್ಪದೆ ಕುಡಿಸ್ತಾರೆ.

ರಾತ್ರಿ ಹೆಂಡತಿ ಕೇಳಿದಳು, "ದರ ಎಷ್ಟು ಹಾಕಿದ್ರಿ?"

ಹೇಳಲಿಲ್ಲ. ತೀರಾ ಕಮ್ಮಿ ಹಾಕಿದ್ದೆ.