ಮೊದಲು ಇಳಿಯುವುದನ್ನು ಕಲಿಸಿ

ಡೇಕೇರ್‌ನಲ್ಲಿ ಒಂದರಿಂದ ಮೂರು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಮಗು ತಾನಾಗಿ ಹತ್ತಲಾರದ ಕಡೆ ಅದನ್ನು ಎತ್ತಿ ಕೂರಿಸಬೇಡಿ. ತಾನೇ ಹತ್ತಿದ್ದರೆ ತಟ್ಟನೆ ಎತ್ತಿ ಇಳಿಸಲೂಬೇಡಿ, ಇಳಿಯುವುದು ಹೇಗೆಂದು ತೋರಿಸಿಕೊಡಿ.

ಸ್ವಂತ ಬಲದಿಂದ ಎರಡು ಮೆಟ್ಟಿಲು ಹತ್ತಿದ ಮಗುವಿನ ಕೈಕಾಲಿಗೆ ಆ ಎತ್ತರದ ಅಂದಾಜು ಸಿಕ್ಕಿರುತ್ತದೆ. ಎತ್ತಿ ಕೂರಿಸಿದ ಮಗುವಿಗೆ ಅದು ಸಿಕ್ಕಿರುವುದಿಲ್ಲ. ಹತ್ತುವ ಆಸೆ ಎಲ್ಲ ಮಕ್ಕಳಿಗೂ ತಾನಾಗಿ ಬರುತ್ತದೆ. ಇಳಿಯುವಾಗಲೇ ಕಷ್ಟ: ತಲೆ ಮುಂದೆ ಮಾಡಿ ಬಗ್ಗುತ್ತವೆ, ಇಲ್ಲವೇ ಅಲ್ಲೇ ನಿಂತು ಕೈಚಾಚಿ ಅಳುತ್ತವೆ. ಆಗ ಪಕ್ಕದಲ್ಲಿ ಮಂಡಿಯೂರಿ ಕೂತು, "ಹೊಟ್ಟೆ ಕೆಳಗೆ, ಕಾಲು ಹಿಂದೆ" ಎನ್ನುತ್ತಾ ಸೊಂಟ ಹಿಡಿದು ಮೆಲ್ಲಗೆ ತಿರುಗಿಸುತ್ತೇನೆ. ಒಂದು ಪಾದ ಗಾಳಿಯಲ್ಲಿ ತಡಕಾಡುತ್ತದೆ. ಹೆಬ್ಬೆರಳು ನೆಲಕ್ಕೆ ತಾಕಿದ್ದೇ ತಡ, ಬಿಗಿಹಿಡಿದಿದ್ದ ಮೈಯೆಲ್ಲ ಸಡಿಲವಾಗುತ್ತದೆ. ಇದಕ್ಕೆ ಬರಿಗಾಲೇ ಚೆನ್ನ, ಸಾಕ್ಸ್ ಜಾರುತ್ತದೆ.

"ಬಿದ್ದರೆ?" ಎಂದು ಪೋಷಕರು ಕೇಳೇ ಕೇಳುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. 12ರಿಂದ 19 ತಿಂಗಳ ಮಕ್ಕಳು ಸ್ವಚ್ಛಂದವಾಗಿ ಆಡುವಾಗ ಗಂಟೆಗೆ ಸರಾಸರಿ 2,368 ಹೆಜ್ಜೆ ಇಡುತ್ತಾರೆ, 17 ಸಲ ಬೀಳುತ್ತಾರೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಬೀಳದೆ ನಡಿಗೆ ಬರುವುದಿಲ್ಲ. ಹಾಗಾಗಿ ನಾನು ಕಾಯುವುದು ಸುತ್ತಲಿನ ಜಾಗವನ್ನು: ಮೇಜಿನ ಚೂಪು ಅಂಚು, ಒದ್ದೆ ನೆಲ, ಹಿಡಿದೆಳೆದರೆ ಉರುಳುವ ಕಪಾಟು. ಮಾತಿನಲ್ಲೂ ಬರೀ "ಹುಷಾರು, ಹುಷಾರು" ಅಂದರೆ ಮಗುವಿಗೆ ಏನೂ ತಿಳಿಯುವುದಿಲ್ಲ. "ಕಾಲು ಎಲ್ಲಿಡ್ತೀಯ ನೋಡು" ಅಂದರೆ ಅದು ಕೆಳಗೆ ನೋಡುತ್ತದೆ.

ಐದು ವರ್ಷದೊಳಗಿನವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಒಂದು ವರ್ಷ ತುಂಬಿದ ಮಗುವಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಮೈ ಚಲನೆ ಬೇಕು. ಸ್ಟ್ರಾಲರ್‌ನಲ್ಲೋ ಎತ್ತರದ ಕುರ್ಚಿಯಲ್ಲೋ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಮೂರು ಗಂಟೆ ಎಂದಾಗ ಗಾಬರಿಯಾಗುವವರಿದ್ದಾರೆ. ರಟ್ಟಿನ ಪೆಟ್ಟಿಗೆ ತಳ್ಳುವುದು, ದಿಂಬುಗಳ ಮೇಲೆ ತೆವಳುವುದು, ಕುಕ್ಕರಗಾಲಲ್ಲಿ ಕೂತು ಏಳುವುದು, ಹಾಡಿಗೆ ಕುಣಿಯುವುದು, ಎಲ್ಲವೂ ಅದರಲ್ಲೇ ಸೇರುತ್ತದೆ. ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುಮನೆ ಖಾಲಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಚಕ್ರದ ವಾಕರ್ ಮಾತ್ರ ಖಂಡಿತ ಬೇಡ. ಮೆಟ್ಟಿಲಿನಿಂದ ಉರುಳುವ ಅಪಾಯ ಇರುವುದರಿಂದ ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಕೆಲವು ಮಕ್ಕಳು ಮೂಲೆಯಲ್ಲಿ ಕೂತು ನೋಡುತ್ತಲೇ ಇರುತ್ತವೆ. ಅಂಥವರನ್ನು ನಾನು ಆಟಕ್ಕೆ ಎಳೆಯುವುದಿಲ್ಲ, ಪಕ್ಕ ಕೂತು ಚೆಂಡು ಉರುಳಿಸುತ್ತೇನೆ. ಸ್ವಭಾವ ಒಬ್ಬೊಬ್ಬರದು ಒಂದೊಂದು ಥರ. ಆದರೆ 18 ತಿಂಗಳಾದರೂ ಆಸರೆಯಿಲ್ಲದೆ ನಡೆಯದಿದ್ದರೆ, ಮೊದಲು ಮಾಡುತ್ತಿದ್ದುದನ್ನು ಬಿಟ್ಟುಬಿಟ್ಟರೆ, ಒಂದು ಕಾಲನ್ನು ಎಳೆಯುತ್ತಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ ಎಂದು ಪೋಷಕರಿಗೆ ಅಂದೇ ಹೇಳಿಬಿಡುತ್ತೇನೆ.