ಹಳೆಯ ಜಾವಾಕ್ಕೆ ಪಿಸ್ಟನ್ ರಿಂಗ್

ಯಾದವಗಿರಿಯ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಗಾಡಿಗಳು ಮೈಸೂರಿನ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವುದಕ್ಕೆ, ಬಿಡಿಭಾಗಗಳನ್ನು ಜೋಪಾನವಾಗಿ ಎತ್ತಿಟ್ಟಿರುವ ಹಿರಿಯ ಮೆಕ್ಯಾನಿಕ್‌ಗಳೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ನಮ್ಮ ತಂದೆಯವರ 250 ಸಿಸಿ ಜಾವಾಕ್ಕೆ ಅಂಥವರೊಬ್ಬರ ಬಳಿಯೇ ಇಂದು ಪಿಸ್ಟನ್ ರಿಂಗ್‌ಗಳು, ಅಂದರೆ ಪಿಸ್ಟನ್ನಿನ ಸುತ್ತ ಕೂತು ಸಿಲಿಂಡರಿನೊಡನೆ ಸಂದು ಮುಚ್ಚುವ ಬಳೆಗಳು, ದೊರೆತವು. ಮೂಲ ಸಿಲಿಂಡರಿನ ಒಳವ್ಯಾಸ 65 ಮಿ.ಮೀ.; ಒಮ್ಮೆ ಬೋರ್ ಮಾಡಿಸಿದ (ಒಳಗೋಡೆಯನ್ನು ಕೊರೆದು ಅಗಲಿಸಿದ) ಮೇಲೆ ಪಿಸ್ಟನ್ನಿಗೆ ತಕ್ಕ ಓವರ್‌ಸೈಜ್, ಅಂದರೆ ದೊಡ್ಡ ಅಳತೆಯ, ರಿಂಗೇ ಬೇಕು. ಅವರು ರಿಂಗನ್ನು ಖಾಲಿ ಸಿಲಿಂಡರಿನೊಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಮೆಲ್ಲಗೆ ತಳ್ಳಿ ನೇರವಾಗಿಸಿ, ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಯಿಂದ ಅಳೆದ ನಂತರವೇ ಕೊಟ್ಟರು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆ ತುದಿಗಳು ಸಿಲಿಂಡರ್ ಗೋಡೆಯ ರಂಧ್ರಕ್ಕೆ (ಪೋರ್ಟ್) ಸಿಕ್ಕಿ ಮುರಿಯದಂತೆ ತಡೆಯುವ ಪುಟ್ಟ ಪಿನ್‌ಗಳನ್ನೂ ಪರೀಕ್ಷಿಸಿದರು. ಇಂಥ ನಿಧಾನದ ಕೆಲಸವನ್ನು ಕಂಡರೆ ನನಗೆ ಬಹಳ ಗೌರವ. ಸಿಲಿಂಡರಿನ ಹೋನಿಂಗ್ (ಒಳಗೋಡೆಯನ್ನು ಉಜ್ಜಿ ಹದಗೊಳಿಸುವ ಕೆಲಸ) ಮುಗಿದರೆ ಭಾನುವಾರ ಜೋಡಣೆ.